ಬಂಗಲೆಯ ಪಿಯಾನೋ, ನನ್ನ ಅವಸರ

ಆ ದಿನ ಬಂಗಲೆಯ ಜಗಲಿಯಲ್ಲಿ ನಾನು ಬಾಯಿ ಬಿಡಬೇಕಾಗಿತ್ತು. ಬಿಡಲಿಲ್ಲ.

ಪಿಯಾನೋ ಕಲಿಸುತ್ತಿದ್ದ ಅಮ್ಮಾವ್ರು ನನ್ನ ತಂಗಿಯನ್ನು ಎದುರಿಗೆ ನಿಲ್ಲಿಸಿಕೊಂಡು, "ಸ್ಪರ್ಧೆಯಲ್ಲಿ ಆ ತುಣುಕನ್ನ ಯಾಕೆ ಹಾಗೆ ಓಡಿಸಿದೆ?" ಎಂದು ಕೇಳಿದರು. ತಂಗಿ ತಲೆ ತಗ್ಗಿಸಿ, "ಭಯ ಆಯ್ತಮ್ಮ, ಓಡ್ಬುಟ್ಟೆ" ಎಂದಳು. ಅದು ಸುಳ್ಳು ಎಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಓಡಿಸು ಎಂದು ಹೇಳಿದವನು ನಾನು. ಆದರೂ ಬೈಕಿನ ಕೀಲಿ ಹುಡುಕುವವನಂತೆ ಜೇಬಿಗೆ ಕೈ ಹಾಕಿಕೊಂಡು ಮೆಟ್ಟಿಲು ಇಳಿದೆ. ಅಲ್ಲಿಂದ ಮುಂದೆ ಹಲವು ವರ್ಷ ಆ ಮಾತು ನನ್ನೊಳಗೇ ಉಳಿಯಿತು.

ನಮ್ಮ ಮನೆ ಹೊಂಗಡಹಳ್ಳದ ಕಡೆ, ಒಂದು ಕಾಫಿ ಎಸ್ಟೇಟಿನ ಬೇಲಿಗೆ ಒತ್ತಿಕೊಂಡು ಇದೆ. ಅಪ್ಪ ಆ ಎಸ್ಟೇಟಿನಲ್ಲಿ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರ ನೋಡಿಕೊಳ್ಳುತ್ತಿದ್ದರು, ಅಮ್ಮ ಹಣ್ಣು ಕುಯ್ಯಲು ಹೋಗುತ್ತಿದ್ದಳು. ನಾನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟೆ. ಯಾರೂ ಬಿಡಿಸಲಿಲ್ಲ, ನನಗೇ ಒಂದು ಕಡೆ ಕೂರಲು ಆಗುತ್ತಿರಲಿಲ್ಲ. ಎಸ್ಟೇಟ್ ಮಾಲೀಕರ ಅಕ್ಕ, ಎಲ್ಲರೂ ಅಮ್ಮಾವ್ರು ಎಂದು ಕರೆಯುತ್ತಿದ್ದವರು, ಚಿಕ್ಕಂದಿನಲ್ಲಿ ಊಟಿಯ ಬೋರ್ಡಿಂಗ್ ಶಾಲೆಯಲ್ಲಿ ಪಿಯಾನೋ ಕಲಿತಿದ್ದರು. ಬಂಗಲೆಯ ಹಾಲಿನಲ್ಲಿ ಕಪ್ಪು ಬಣ್ಣದ ಹಳೆಯ ಪಿಯಾನೋ ಇತ್ತು. ಮಳೆಗಾಲದ ಥಂಡಿಗೆ ಒಳಗಿನ ಮರ ಉಬ್ಬಿ ಕೀಗಳು ಅಂಟಿಕೊಳ್ಳುತ್ತವೆಂದು ಅದರ ಹೊಟ್ಟೆಯೊಳಗೆ ಒಂದು ಸಣ್ಣ ಬಲ್ಬು ಹಚ್ಚಿಡುತ್ತಿದ್ದರು. ಕರೆಂಟು ಹೋದರೆ ಅಡುಗೆಮನೆಗಿಂತ ಮೊದಲು ಅವರಿಗೆ ಪಿಯಾನೋ ನೆನಪಾಗುತ್ತಿತ್ತು.

ತಂಗಿಗೆ ಆಗ ಏಳೆಂಟು ವರ್ಷ. ಬಂಗಲೆಯ ಅಂಗಳದಲ್ಲಿ ಅಮ್ಮ ಮೆಣಸು ಬಿಡಿಸುತ್ತಿದ್ದಳು, ಇವಳು ಕಿಟಕಿಯ ಕೆಳಗೆ ಆಡುತ್ತಿದ್ದಳು. ಒಳಗೆ ಅಮ್ಮಾವ್ರು ನುಡಿಸಿ ನಿಲ್ಲಿಸಿದ್ದನ್ನು ಹೊರಗೆ ಇವಳು ಗುನುಗಿದಳಂತೆ. ಮತ್ತೆ ನುಡಿಸಿದರು, ಮತ್ತೆ ಗುನುಗಿದಳು. ಅಮ್ಮಾವ್ರು ಹೊರಗೆ ಬಂದು, "ಯಾರದ್ದೇ ಈ ಮಗು?" ಎಂದರು. ಅಮ್ಮ ಹೆದರಿ, "ನಂದೇ ಅಮ್ಮಾವ್ರೆ, ಗಲಾಟೆ ಮಾಡುದ್ಲಾ? ಎಳ್ಕೊಂಡೋಯ್ತೀನಿ" ಎಂದಳು. "ಎಳ್ಕೊಂಡು ಹೋಗ್ಬೇಡ, ಒಳಗೆ ಕಳ್ಸು" ಎಂದರು ಅವರು.

ಹೀಗೆ ಶುರುವಾಯಿತು. ಆ ಒಂದು ಮಾತಿನ ಋಣ ನಮ್ಮ ಮನೆಯ ಮೇಲೆ ಇವತ್ತಿಗೂ ಇದೆ. ಕಲಿಸಿದ್ದಕ್ಕೆ ಅವರು ಏನನ್ನೂ ಕೇಳಲಿಲ್ಲ. ಅಮ್ಮ ಬಾಳೆಗೊನೆ ಹೊತ್ತುಕೊಂಡು ಹೋದರೆ, "ನಮ್ಮ ತೋಟದ್ದನ್ನೇ ನಮಗೆ ತಂದೇನೇ?" ಎಂದು ರೇಗಿಸಿ, ಆಮೇಲೆ ಇಟ್ಟುಕೊಳ್ಳುತ್ತಿದ್ದರು. ತಂಗಿ ಹೈಸ್ಕೂಲಿಗೆ ಬಂದ ಮೇಲೆ ದಿನವೂ ಸಂಜೆ ಯಸಳೂರಿನಿಂದ ಅವಳನ್ನು ಬೈಕಿನಲ್ಲಿ ನೇರ ಬಂಗಲೆಗೆ ತರುವುದು ನನ್ನ ಕೆಲಸವಾಯಿತು. ಪಾಠ ಮುಗಿಯುವವರೆಗೆ ನಾನು ಮೆಟ್ಟಿಲ ಮೇಲೆ ಕೂತಿರುತ್ತಿದ್ದೆ. ಒಳಗಿನಿಂದ ಕಾಫಿ ಬರುತ್ತಿತ್ತು.

ಅಷ್ಟು ವರ್ಷ ಆ ಮೆಟ್ಟಿಲ ಮೇಲೆ ಕೂತವನು ಪಿಯಾನೋವನ್ನು ಕೇಳಿಸಿಕೊಳ್ಳಲಿಲ್ಲ ಎಂದರೆ ನಂಬುವುದು ಕಷ್ಟ. ನಾನು ನೋಡುತ್ತಿದ್ದೆ. ಬಾಗಿಲಿನಿಂದ ಅವಳ ಬೆರಳು ಕಾಣುತ್ತಿದ್ದವು, ನನಗೆ ಅಷ್ಟೇ ಬೇಕಾಗಿತ್ತು. ಅದಕ್ಕೆ ಕಾರಣ ನಾವು ಬೆಳೆದ ರೀತಿ. ನಮ್ಮ ಕಡೆ ಕುಯ್ಲಿನ ಕಾಲದಲ್ಲಿ ಸಂಜೆ ಸ್ಟೋರಿನ ಮುಂದೆ ತೂಕ. ಒಬ್ಬೊಬ್ಬರ ಚೀಲ ತಕ್ಕಡಿಗೆ ಏರಿದಂತೆ ಲೆಕ್ಕ ಬರೆಯುವ ರೈಟರ್ ಎಲ್ಲರಿಗೂ ಕೇಳುವಂತೆ ಕಿಲೋ ಎಷ್ಟೆಂದು ಕೂಗುತ್ತಾರೆ. ಅಮ್ಮನ ಚೀಲ ಏರಿದಾಗ ಹೆಂಗಸರು ತಿರುಗಿ ನೋಡುತ್ತಿದ್ದರು. "ಇವಳ ಕೈಗೆ ಮಿಷನ್ ಕಟ್ಟೈತೆ ನೋಡ್ರೋ" ಎಂದು ಮೇಸ್ತ್ರಿ ಹೇಳಿದರೆ ನನ್ನ ಎದೆ ಉಬ್ಬುತ್ತಿತ್ತು. ನಮ್ಮ ಮನೆಗೆ ಊರಿನಲ್ಲಿ ಸಿಕ್ಕ ಹೊಗಳಿಕೆಯೆಲ್ಲ ಅಮ್ಮನ ಬೆರಳಿನ ಓಟಕ್ಕೆ ಸಿಕ್ಕಿದ್ದು. ಬೆರಳು ಎಂದರೆ ಓಡಬೇಕು ಎಂಬುದು ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ತಂಗಿಯ ಬೆರಳು ಆ ಬಿಳಿ ಪಟ್ಟಿಗಳ ಮೇಲೆ ಓಡಿದರೆ, ಅಮ್ಮನ ಕೈ ಇವಳಿಗೆ ಬಂದಿದೆ ಎಂದು ಖುಷಿಪಡುತ್ತಿದ್ದೆ. ನಿಧಾನವಾದರೆ, ಇವತ್ತು ಹುಡುಗಿಗೆ ಮೈ ಸರಿ ಇಲ್ಲವೇನೋ ಎಂದುಕೊಳ್ಳುತ್ತಿದ್ದೆ.

ಮನೆಯಲ್ಲೂ ಅಭ್ಯಾಸ ಮಾಡಲಿ ಎಂದು ಸಕಲೇಶಪುರದ ಒಬ್ಬ ಆರ್ಕೆಸ್ಟ್ರಾದವನ ಹತ್ತಿರ ಹಳೆಯ ಕೀಬೋರ್ಡ್ ತಂದುಕೊಟ್ಟೆ. ಅದರ ಕೀಗಳು ಹಗುರ, ಮುಟ್ಟಿದರೆ ಸಾಕು. ಬಂಗಲೆಯ ಪಿಯಾನೋದಲ್ಲಿ ಒಂದೊಂದು ಕೀ ಒತ್ತಿದಾಗಲೂ ಒಳಗೆ ಒಂದು ಸುತ್ತಿಗೆ ಎದ್ದು ತಂತಿಗೆ ಬಡಿಯಬೇಕು; ಬೆರಳು ಎಷ್ಟು ಭಾರ ಹಾಕಿತೋ ಅದರ ಮೇಲೆ ದನಿ. ಕೀಬೋರ್ಡಿನಲ್ಲಿ ಆ ಭಾರ ಇಲ್ಲ, ಹಾಗಾಗಿ ಬೆರಳು ಗಾಳಿಯಂತೆ ಓಡಿತು. ನಾನು ಮೊಬೈಲಿನಲ್ಲಿ ಟೈಮ್ ಹಿಡಿದು ಪಕ್ಕದಲ್ಲಿ ಕೂರುತ್ತಿದ್ದೆ.

"ನಿನ್ನೆಗಿಂತ ಬೇಗ ಮುಗೀತು ಕಣೇ."

"ಅಣ್ಣ, ಇದು ಬಸ್ಸಲ್ಲ, ಬೇಗ ಊರು ಸೇರೋಕೆ."

"ಬೇಗ ಹೋಗೋ ಬಸ್ಸಿಗೇ ಜನ ಹತ್ತೋದು."

ಅವಳು ನಗುತ್ತಿದ್ದಳು. ಮಾರನೇ ದಿನ ಬಂಗಲೆಯಲ್ಲಿ ಅಮ್ಮಾವ್ರು, "ಇದೇನಿದು, ಮೇಲೆ ಮೇಲೆ ಸವರ್ಕೊಂಡು ಹೋಗ್ತಿದ್ದೀಯ? ಬುಡಕ್ಕೆ ಒತ್ತು" ಎಂದು ತಿದ್ದುತ್ತಿದ್ದರು. ಮನೆಗೆ ಬಂದ ಮೇಲೆ ನಾನು ಮತ್ತೆ ಕೆಡಿಸುತ್ತಿದ್ದೆ.

ಬೆಂಗಳೂರಿನಲ್ಲಿ ಹದಿನಾರು ವರ್ಷದೊಳಗಿನವರಿಗೆ ಒಂದು ಪಿಯಾನೋ ಸ್ಪರ್ಧೆ ಇದೆ ಎಂದು ಗೊತ್ತಾದಾಗ ಅಮ್ಮಾವ್ರೇ ಹೆಸರು ಕೊಡಿಸಿದರು. ಎರಡು ತುಣುಕು ನುಡಿಸಬೇಕು, ಒಂದು ನಿಧಾನದ್ದು, ಒಂದು ಜೋರಿನದು, ಅಂದರೆ ವೇಗದ್ದು. ಜೋರಿನದನ್ನು ಎಷ್ಟು ಜೋರಾಗಿ ನುಡಿಸಬೇಕು ಎಂಬುದರ ಮೇಲೆ ಅವರು ತಿಂಗಳುಗಟ್ಟಲೆ ಕೆಲಸ ಮಾಡಿಸಿದರು. "ಜೋರು ಬೇಕು, ಬೇಡ ಅನ್ನಲ್ಲ" ಎನ್ನುತ್ತಿದ್ದರು. "ಆದ್ರೆ ಎರಡನೇ ಪುಟದಲ್ಲಿ ಎಡಗೈ ಹಾಡ್ತದೆ. ಬಲಗೈ ಮೇಲೆ ಏನೇ ಕುಣೀಲಿ, ಆ ಹಾಡು ಕೇಳಿಸ್ಬೇಕು. ಅದು ಕೇಳಿಸದಷ್ಟು ಜೋರು ನನಗೆ ಬೇಡ." ತಂಗಿಗೆ ಅದು ಅರ್ಥವಾಗಿತ್ತು. ಆ ಜಾಗ ಬಂದಾಗ ಅವಳ ತಲೆ ಎಡಕ್ಕೆ ಒಂದಿಷ್ಟು ಬಾಗುತ್ತಿತ್ತು, ಯಾರೋ ಮೆಲ್ಲಗೆ ಹೇಳುವುದನ್ನು ಕೇಳಿಸಿಕೊಳ್ಳುವವರಂತೆ.

ಸ್ಪರ್ಧೆಯ ಹೊತ್ತಿಗೆ ಅಮ್ಮಾವ್ರ ಮಂಡಿಗೆ ಆಪರೇಷನ್ ಆಗಿ ಅವರು ಹೊರಡುವ ಹಾಗಿರಲಿಲ್ಲ. "ನೀನು ಕರ್ಕೊಂಡು ಹೋಗಿ ಬಾ ಮಾರಾಯ. ಅವಳಿಗೆ ಏನೂ ಹೇಳೋಕೆ ಹೋಗ್ಬೇಡ, ಊಟ ಮಾಡ್ಸು ಸಾಕು" ಎಂದು ನನಗೆ ಹೇಳಿ ಕಳಿಸಿದರು.

ದೊಡ್ಡ ಹಾಲು. ವೇದಿಕೆಯ ಮೇಲೆ ಉದ್ದನೆಯ ಪಿಯಾನೋ, ಮುಚ್ಚಳ ಎತ್ತಿ ನಿಲ್ಲಿಸಿದ್ದರು. ಮೊದಲ ಸುತ್ತಿನಲ್ಲಿ ಎಲ್ಲರೂ ನಿಧಾನದ ತುಣುಕು ನುಡಿಸಿದರು. ತಂಗಿ ನುಡಿಸುವಾಗ ಹಾಲಿನಲ್ಲಿ ಕೆಮ್ಮುವವರೂ ಇರಲಿಲ್ಲ. ಅದು ಒಳ್ಳೆಯ ಲಕ್ಷಣ ಎಂದು ನನಗೆ ಗೊತ್ತಾಗಲಿಲ್ಲ. ಜನಕ್ಕೆ ಬೇಜಾರಾಗಿದೆ ಎಂದುಕೊಂಡೆ. ಎರಡನೇ ಸುತ್ತಿನಲ್ಲಿ ಅವಳಿಗಿಂತ ಮೊದಲು ಬಂದ ಹುಡುಗಿ ಅದೇ ಜೋರಿನ ತುಣುಕನ್ನು ಆರಿಸಿಕೊಂಡಿದ್ದಳು. ಅವಳ ಕೈ ಕಣ್ಣಿಗೆ ಕಾಣದ ಹಾಗೆ ಓಡಿತು. ಮುಗಿದಾಗ ಹಿಂದಿನ ಸಾಲಿನವರು ಎದ್ದು ನಿಂತು ಚಪ್ಪಾಳೆ ಹೊಡೆದರು.

ನಾನು ವೇದಿಕೆಯ ಪಕ್ಕದ ಓಣಿಯಲ್ಲಿ ತಂಗಿಯ ಜೊತೆ ನಿಂತಿದ್ದೆ. ನನ್ನ ಕೈ ಬೆವರುತ್ತಿತ್ತು, ಅವಳದ್ದಲ್ಲ.

"ನೋಡ್ದಾ? ಅವಳಿಗಿಂತ ಜೋರಾಗಿ ಹೊಡಿ" ಎಂದೆ.

"ಅಮ್ಮಾವ್ರು ಹೇಳಿದ್ದು ಹಂಗಲ್ವಲ್ಲಣ್ಣ."

"ಅಮ್ಮಾವ್ರು ಇಲ್ಲಿಲ್ಲ, ನಾನಿದ್ದೀನಿ. ಚಪ್ಪಾಳೆ ಕೇಳ್ಸಲಿಲ್ವಾ ನಿಂಗೆ? ಮನೇಲಿ ಹೊಡಿತೀಯಲ್ಲ, ಅಂಗೆ ಹೊಡ್ದು ಬಾ."

ಅವಳು ನನ್ನ ಮುಖ ನೋಡಿದಳು. ದಿನವೂ ಕರೆತರುವ ಅಣ್ಣ, ಕೀಬೋರ್ಡ್ ತಂದುಕೊಟ್ಟ ಅಣ್ಣ. ಹೂಂ ಎಂದು ತಲೆಯಾಡಿಸಿ ಒಳಗೆ ಹೋದಳು.

ಹೊಡೆದಳು. ಒಂದು ಸ್ವರವೂ ತಪ್ಪಲಿಲ್ಲ ಎಂದು ಆಮೇಲೆ ಎಲ್ಲರೂ ಹೇಳಿದರು. ಆದರೆ ಆ ದೊಡ್ಡ ಪಿಯಾನೋದ ಕೀಗಳು ಬಂಗಲೆಯದ್ದಕ್ಕಿಂತಲೂ ಭಾರ. ಆ ಓಟವನ್ನು ಹಿಡಿದಿಡಲು ಅವಳು ಮೊಣಕೈಯಿಂದ ಬಲ ಹಾಕಬೇಕಾಯಿತು. ಮೆಲ್ಲಗಿನ ಜಾಗವೂ ಗಟ್ಟಿ, ಗಟ್ಟಿಯ ಜಾಗವೂ ಗಟ್ಟಿ, ತಗಡಿನ ಮೇಲೆ ಆಲಿಕಲ್ಲು ಬಿದ್ದ ಹಾಗೆ. ಎರಡನೇ ಪುಟ ಬಂದದ್ದು, ಹೋದದ್ದು ತಿಳಿಯಲಿಲ್ಲ. ಅವಳ ತಲೆ ಬಾಗಲಿಲ್ಲ. ಚಪ್ಪಾಳೆ ಬಂತು, ನಾನೇ ಎಲ್ಲರಿಗಿಂತ ಜೋರಾಗಿ ತಟ್ಟಿದೆ. ಮೊಬೈಲಿನಲ್ಲಿ ವಿಡಿಯೋ ಬೇರೆ ಹಿಡಿದಿದ್ದೆ.

ಬಹುಮಾನ ಬರಲಿಲ್ಲ. ತೀರ್ಪುಗಾರರಲ್ಲಿ ಒಬ್ಬ ಹೆಂಗಸು ಹೊರಡುವಾಗ ತಂಗಿಯನ್ನು ಹುಡುಕಿಕೊಂಡು ಬಂದು ಕನ್ನಡದಲ್ಲೇ ಮಾತಾಡಿದರು. "ನಿಧಾನದ್ದನ್ನ ಕೇಳಿ, ಈ ಮಗುವೇ ಅಂತ ಅಂದ್ಕೊಂಡಿದ್ದೆ. ಎರಡನೇದರಲ್ಲಿ ಯಾಕಮ್ಮ ಹಾಗಾಯ್ತು? ಎಡಗೈ ಹಾಡೋ ಜಾಗ ನನಗೆ ಕೇಳಲೇ ಇಲ್ಲ." ತಂಗಿ, "ಸಾರಿ ಮೇಡಂ" ಎಂದಳು. ನಾನು ಪಕ್ಕದಲ್ಲೇ ಅವಳ ಬ್ಯಾಗು ಹಿಡಿದು ನಿಂತಿದ್ದೆ. ಊರಿನ ಬಸ್ಸು ಹತ್ತಿದೆವು. ಆಲೂರು ಕ್ರಾಸಿನ ಹತ್ತಿರ ಅವಳೇ, "ಬಜ್ಜಿ ತಿಂತೀಯಾ ಅಣ್ಣ?" ಎಂದು ಕೇಳಿದಳು. ನನ್ನ ಮೇಲೆ ಅವಳಿಗೆ ಸಿಟ್ಟು ಬಂದಿದ್ದರೆ ನನಗೆ ಸಲೀಸಾಗುತ್ತಿತ್ತು.

ಆ ವಿಡಿಯೋವನ್ನೇ ಅಮ್ಮಾವ್ರು ಮಾರನೇ ದಿನ ಜಗಲಿಯಲ್ಲಿ ಕೂತು, ಮಂಡಿಗೆ ದಿಂಬು ಕೊಟ್ಟುಕೊಂಡು, ಕಣ್ಣು ಮುಚ್ಚಿ ಕೇಳಿದರು. ಆಮೇಲೆ, ನಾನು ಮೊದಲೇ ಹೇಳಿದ ಆ ಪ್ರಶ್ನೆ ಕೇಳಿದರು. ತಂಗಿಯ ಉತ್ತರವನ್ನು ನಂಬಿದರು. ಬೈಯಲಿಲ್ಲ. "ತಪ್ಪು ನಂದೇ, ಭಯ ಬೀಳೋ ಮಗೂನ ಬೇಗ ಸ್ಟೇಜಿಗೆ ಹತ್ತಿಸ್ಬಿಟ್ಟೆ" ಎಂದರು. ಭಯ ಎನ್ನುವುದು ಅವಳ ಹತ್ತಿರವೂ ಸುಳಿಯುತ್ತಿರಲಿಲ್ಲ. ಆದರೆ ಆ ಹಣೆಪಟ್ಟಿ ಅಂಟಿಕೊಂಡಿತು. ಮುಂದಿನ ವರ್ಷ ಸ್ಪರ್ಧೆ ಬಂದಾಗ, "ಇನ್ನೂ ಆಗ್ಲಿ" ಎಂದರು. ಅದರ ಮುಂದಿನ ವರ್ಷಕ್ಕೆ ಅವಳ ವಯಸ್ಸು ದಾಟಿತ್ತು.

ಅಮ್ಮಾವ್ರು ಜೋರಿನ ತುಣುಕುಗಳನ್ನೆಲ್ಲ ಎತ್ತಿಟ್ಟು ಅವಳನ್ನು ಮತ್ತೆ ಮೊದಲಿಗೆ ಕರೆದುಕೊಂಡು ಹೋದರು. ಹಾಗೆ ಮಾಡಿದ್ದರಿಂದ ನನಗೂ ಒಂದು ಪಾಠ ಸಿಕ್ಕಿತು ಎಂದು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳಬೇಕು. ಒಂದು ಸಂಜೆ ಮೆಟ್ಟಿಲ ಮೇಲಿದ್ದ ನನ್ನನ್ನು ಒಳಗೆ ಕರೆದು, "ಸುಮ್ನೆ ಕೂತು ಕಾಫಿ ಕುಡೀತೀಯಲ್ಲ, ಇವಳ ಎಡಗೈ ನುಡಿಸೋದನ್ನ ನೀನು ಬಾಯಲ್ಲಿ ಹಾಡು. ಅವಳು ನಿನ್ನ ಜೊತೆ ಬರ್ಲಿ" ಎಂದರು.

"ನನಗೆಲ್ಲಿ ಹಾಡು ಬತ್ತದೆ ಅಮ್ಮಾವ್ರೆ."

"ಲಾ ಲಾ ಅನ್ನೋಕೆ ಏನು ಓದಿರ್ಬೇಕಾ? ಶುರು ಮಾಡು."

ನಾನು ಶುರು ಮಾಡಿದೆ. ತಂಗಿ ನಗು ತಡೆಯಲಾರದೆ ಪಿಯಾನೋದ ಮೇಲೆ ತಲೆ ಇಟ್ಟಳು. "ನಿಮ್ಮಪ್ಪನ ಪಲ್ಪರ್ ಇದಕ್ಕಿಂತ ಸುಶ್ರಾವ್ಯವಾಗಿದೆ" ಎಂದರು ಅಮ್ಮಾವ್ರು. ಆದರೂ ಬಿಡಲಿಲ್ಲ, ವಾರಕ್ಕೆ ಒಂದೆರಡು ಸಂಜೆ ಹಾಡಿಸುತ್ತಿದ್ದರು. ಅವಳು ಸ್ವಲ್ಪ ಜೋರು ಮಾಡಿದರೆ ನನಗೆ ಉಸಿರು ಸಾಲುತ್ತಿರಲಿಲ್ಲ, ಸಾಲಿನ ಕೊನೆಯ ಸ್ವರ ನುಂಗಿಹೋಗುತ್ತಿತ್ತು. "ನೋಡು, ಅವನು ಉಸಿರು ತಗೋಳೋ ಜಾಗದಲ್ಲಿ ನಿನ್ನ ಮಣಿಕಟ್ಟೂ ಉಸಿರು ತಗೋಬೇಕು. ಅಲ್ಲಿ ಕೈ ಒಂಚೂರು ಎದ್ದು ಕೂತ್ರೆ, ಮುಂದಿನ ಸಾಲನ್ನ ಎಷ್ಟು ಬೇಕಾದ್ರೂ ಜೋರು ಮಾಡು, ಓಡಿದ ಹಾಗೆ ಕೇಳಲ್ಲ" ಎಂದು ಅವರು ಅವಳಿಗೆ ಹೇಳುತ್ತಿದ್ದರು. ಅವಳು ಹಾಗೇ ನುಡಿಸಿದಾಗ, ಅದೇ ವೇಗ ಇದ್ದರೂ ನನಗೆ ಹಾಡಲು ಬಿಡುವು ಸಿಗುತ್ತಿತ್ತು. ಅದು ಹೇಗೆ ಎಂದು ನನಗೆ ಈಗಲೂ ಬಿಡಿಸಿ ಹೇಳಲು ಬರುವುದಿಲ್ಲ. ಆದರೆ ಒಂದು ಸಂಜೆ ಹಾಡುತ್ತಾ ಹಾಡುತ್ತಾ, ಬೆಂಗಳೂರಿನ ಆ ಹಾಲಿನಲ್ಲಿ ನಾನು ಅವಳಿಂದ ಏನು ಕಿತ್ತುಕೊಂಡೆ ಎಂಬುದು ಗಂಟಲಿಗೇ ಗೊತ್ತಾಯಿತು. ಅಮ್ಮ ಹಣ್ಣು ಕುಯ್ಯುವ ಜೋರು ಬೇರೆ. ಅಲ್ಲಿ ಹಿಂದೆ ಬಿಟ್ಟ ಕೊಂಬೆಗೆ ಮತ್ತೆ ಹೋಗಬಹುದು. ಇಲ್ಲಿ ಬಿಟ್ಟು ಹೋದ ಸಾಲು ಕೇಳುವವನಿಗೆ ಸಿಗದೇ ಹೋಯಿತು, ಅಷ್ಟೇ.

ಅವತ್ತೇ ಹೇಳಬಹುದಿತ್ತು. ಹೇಳಿದರೆ ಮೆಟ್ಟಿಲು ಹತ್ತಬೇಡ ಎನ್ನುತ್ತಾರೇನೋ ಎಂದು ಹೆದರಿದೆ. ಆಮೇಲೆ ಹೆದರಿಕೆ ಹೋಯಿತು, ನಾಚಿಕೆ ಉಳಿಯಿತು.

ತಂಗಿ ಬಿ.ಎ. ಮುಗಿಸಿ ಈಗ ಸಕಲೇಶಪುರದ ಒಂದು ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಸಂಗೀತ ಕಲಿಸುತ್ತಾಳೆ. ಭಾನುವಾರ ಬಂಗಲೆಗೆ ಬಂದು ನುಡಿಸುತ್ತಾಳೆ. ನನ್ನ ಕೆಲಸ ಈಗ ಅದೇ ಎಸ್ಟೇಟಿನ ಜೀಪು ಓಡಿಸುವುದು. ಭಾನುವಾರ ಮಾತ್ರ ಏನೇ ಇದ್ದರೂ ಹಾಲಿನೊಳಗೆ, ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂರುತ್ತೇನೆ. ವಯಸ್ಸಿನ ಮಿತಿ ಇಲ್ಲದ ಒಂದು ಸ್ಪರ್ಧೆ ಇದೆ ಎಂದು ಈ ವರ್ಷ ಅವಳಿಗೆ ಗೊತ್ತಾಯಿತು. ಅಲ್ಲಿ ಯಾವ ಎರಡು ತುಣುಕನ್ನಾದರೂ ಆರಿಸಿಕೊಳ್ಳಬಹುದು.

ಕಾಫಿಗೆ ಹೂಮಳೆ ಬಿದ್ದು, ಹೂವರಳಿ ತೋಟವೆಲ್ಲ ಬೆಳ್ಳಗಾಗಿದ್ದ ಭಾನುವಾರ. ತಂಗಿ ಹೊಸದೊಂದು ಜೋರಿನ ತುಣುಕನ್ನು ಮೂರು ತಿಂಗಳಿಂದ ಕಲಿತಿದ್ದಳು. ಅದನ್ನು ಅಮ್ಮಾವ್ರ ಮುಂದೆ ನುಡಿಸಿದಳು. ನನಗೆ ಅದರಲ್ಲಿ ಮೂರು ದನಿ ಬೇರೆ ಬೇರೆಯಾಗಿ ಕೇಳಿದವು, ಮಳೆ ನೀರು ಮೂರು ಕಡೆಯಿಂದ ಹರಿದು ಒಂದೇ ಹಳ್ಳಕ್ಕೆ ಸೇರುವ ಹಾಗೆ. ವೇಗ ಇತ್ತು, ಅವಸರ ಇರಲಿಲ್ಲ.

"ಚೆನ್ನಾಗಿದೆ" ಎಂದರು ಅಮ್ಮಾವ್ರು. "ಆದ್ರೆ ಸ್ಪರ್ಧೆಗೆ ಬೇಡ."

"ಯಾಕಮ್ಮ?"

"ಇಲ್ಲಿ ನನ್ನ ಮುಂದೆ ನುಡಿಸೋದು ಬೇರೆ. ಸ್ಟೇಜ್ ಹತ್ತಿದ್ರೆ ನೀನು ಓಡ್ತೀಯ, ನಾನು ಒಂದ್ಸಲ ಕೇಳಿದ್ದೀನಲ್ಲ. ಎರಡೂ ನಿಧಾನದ್ದೇ ಇರ್ಲಿ. ಅದರಲ್ಲಿ ನಿನ್ನ ಯಾರೂ ಮೀರಲ್ಲ."

ತಂಗಿ ಪುಸ್ತಕ ಮುಚ್ಚಿದಳು. ಕಾಫಿ ತರುತ್ತೇನೆಂದು ಎದ್ದು ಹಿತ್ತಲ ಕಡೆಯ ಜಗಲಿಗೆ ಹೋದಳು. ನಾನು ಹಿಂದೆಯೇ ಹೋದೆ. ಅವಳು ಕಂಬಕ್ಕೆ ಒರಗಿ ತೋಟ ನೋಡುತ್ತಿದ್ದಳು.

"ಇವತ್ತಾದ್ರೂ ಹೇಳ್ಬಾರ್ದಿತ್ತೇನೇ, ಅವತ್ತು ಓಡ್ಸು ಅಂದಿದ್ದು ನಮ್ಮಣ್ಣ ಅಂತ?"

"ನಾನ್ಯಾಕೆ ಹೇಳ್ಲಿ? ನನಗೂ ಬಾಯಿತ್ತು, ಆಗಲ್ಲ ಅನ್ಬೋದಿತ್ತು. ಅಂದಿಲ್ಲ." ಕಂಬ ಬಿಟ್ಟು ನನ್ನ ಕಡೆ ತಿರುಗಿ ಅಂದಳು, "ನಿನ್ನ ಮೇಲೆ ಹಾಕಿದ್ರೆ ಅಮ್ಮಾವ್ರು ನಿನ್ನ ಒಳಗೆ ಸೇರಿಸ್ತಿರಲಿಲ್ಲ. ಆ ಪಲ್ಪರ್ ಗಂಟಲಲ್ಲಿ ಹಾಡೋರು ಯಾರು ಆಗ?"

ಅವಳು ನಗಿಸಲು ಹೇಳಿದ್ದು. ನನಗೆ ನಗು ಬರಲಿಲ್ಲ. ಅವಳ ಕೈಹಿಡಿದು ಹಾಲಿಗೆ ಕರೆದುಕೊಂಡು ಬಂದೆ. ಅಮ್ಮಾವ್ರು ಕನ್ನಡಕ ಒರೆಸುತ್ತಿದ್ದರು.

"ಅಮ್ಮಾವ್ರೆ, ಇವಳು ಸ್ಟೇಜಲ್ಲಿ ಹೆದರೋಳಲ್ಲ" ಎಂದೆ. "ಬೆಂಗಳೂರಲ್ಲಿ ಇವಳು ನೀವು ಹೇಳ್ದಂಗೇ ನುಡಿಸ್ತಿದ್ಲು. ಒಳಗೆ ಹೋಗೋ ಮುಂಚೆ, ಅಮ್ಮಾವ್ರು ಇಲ್ಲಿಲ್ಲ, ಮುಂಚೆ ನುಡಿಸ್ದೋಳಿಗಿಂತ ಜೋರು ಹೊಡಿ ಅಂತ ನಾನೇ ಹೇಳ್ದೆ. ನಿಮ್ಮ ಮುಂದೆ ಇವಳು ತಾನೇ ಓಡ್ದೆ ಅಂದ್ಲು. ನಾನು ಇಲ್ಲೇ ನಿಂತಿದ್ದೆ, ಸುಮ್ಕಾಗ್ಬುಟ್ಟೆ."

ಅಮ್ಮಾವ್ರು ಕನ್ನಡಕ ಹಾಕಿಕೊಳ್ಳಲಿಲ್ಲ. ತಂಗಿಯನ್ನು ನೋಡಿದರು. ತಂಗಿ ತಲೆ ತಗ್ಗಿಸಿದಳು.

"ಇಷ್ಟು ವರ್ಷ ನಾನು ಈ ಮಗೂನ ತಪ್ಪು ತಿಳ್ಕೊಂಡಿದ್ದೆ" ಎಂದರು. ದನಿ ಗಟ್ಟಿ ಇರಲಿಲ್ಲ. "ಮುಂದಿನ ವರ್ಷ ಸ್ಪರ್ಧೆಗೆ ಕಳಿಸ್ಲಿಲ್ಲ, ಆಮೇಲೆ ವಯಸ್ಸೇ ದಾಟಿಹೋಯ್ತು. ನೀನು ಅಲ್ಲಿ ಮೆಟ್ಟಿಲ ಮೇಲೆ ಕೂತಿದ್ದೆ, ಅಲ್ವೇನೋ?"

"ಹೌದು ಅಮ್ಮಾವ್ರೆ."

ನಾನು ಬೈಗುಳಕ್ಕೆ ಕಾದೆ. ಅವರು ಬೈಯಲಿಲ್ಲ. ತಂಗಿಗೆ, "ಆ ಜೋರಿನದನ್ನೇ ತಗೊಂಡು ಹೋಗು. ಯಾವ ವೇಗ ಅಂತ ನೀನೇ ತೀರ್ಮಾನ ಮಾಡು, ನಾನು ಬಾಯಿ ಹಾಕಲ್ಲ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನನಗೆ ಹೇಳಿದ್ದಾಯ್ತು ಮಾರಾಯ. ನಿಜವಾಗಿ ಹೇಳ್ಬೇಕಾಗಿರೋದು ನಿನ್ನ ಪಕ್ಕದಲ್ಲಿರೋಳಿಗೆ" ಎಂದರು.

ಅವಳ ಕೈ ಇನ್ನೂ ನನ್ನ ಕೈಯಲ್ಲೇ ಇತ್ತು. ಅಣ್ಣನಾದವನು ತಂಗಿಗೆ ಹೀಗೆ ಹೇಳುವ ರೂಢಿ ನಮ್ಮಲ್ಲಿ ಇಲ್ಲ. ನಮ್ಮಪ್ಪ ಯಾರಿಗೂ ಹೇಳಿದ್ದನ್ನು ನಾನು ಕಂಡಿಲ್ಲ. ಅವಳು, "ಬಿಡಣ್ಣ" ಎನ್ನಲು ಬಾಯಿ ತೆರೆದಳು. ಅಷ್ಟರೊಳಗೆ ನಾನು ಹೇಳಿದೆ.

"ತಪ್ಪಾಯ್ತು ಕಣವ್ವ. ನಾನು ಮಾಡಿದ್ದನ್ನ ನಿನ್ನ ತಲೆ ಮೇಲೆ ಹೊರ್ಸಿ ಸುಮ್ಕಿದ್ದೆ. ನನ್ನ ಕ್ಷಮಿಸ್ಬುಡು."